ಮನೆಪಾಠದ ಮನೆಯವರು

ಶಾಲೆ ಬಿಡುವುದು ನಾಲ್ಕೂವರೆಗೆ. ಅಲ್ಲಿಂದಾಚೆ ಮಗುವಿಗೆ ಮನೆಯಲ್ಲಿ ಏನೇನು ಶಿಕ್ಷಣ ಸಿಗುತ್ತದೆ ಅನ್ನುವುದು ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಮ್ಮೆದುರು ಬಂದು ನಿಂತಿರುತ್ತದೆ. ಇದು ತಪ್ಪಿದ ವರ್ಷವೇ ಇಲ್ಲ.

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಮೊದಲು ಜಗಳೂರು ತಾಲ್ಲೂಕಿನಲ್ಲಿದ್ದೆ. ಅಲ್ಲಿಂದ ಹೊನ್ನಾಳಿಗೆ ವರ್ಗವಾಯಿತು. ಹೊನ್ನಾಳಿ ತಾಲ್ಲೂಕಿನಲ್ಲಿ ಎರಡನೇ ಶಾಲೆಗೆ ಹೋಗಿ ಕೂತಿದ್ದಾಗ, ತಾಲ್ಲೂಕು ಒಡೆದು ಎರಡಾಗಿ, ನಾನು ಕುರ್ಚಿ ಬಿಟ್ಟು ಏಳದೆಯೇ ನನ್ನ ತಾಲ್ಲೂಕು ನ್ಯಾಮತಿಯಾಯಿತು. ಈಗ ಚನ್ನಗಿರಿ ಕಡೆ ಇದ್ದೇನೆ. ಎಲ್ಲಿದ್ದರೂ ಪೋಷಕರ ಸಭೆಯಲ್ಲಿ ನಾನು ಹೇಳುವುದು ಒಂದೇ ಮಾತು: "ಶಾಲೆಯಲ್ಲಿ ನಾವು ಹೇಳಿಕೊಡ್ತೀವಿ. ಮನೆಯಲ್ಲಿ ನೀವೂ ಒಂದಿಷ್ಟು ಹೊತ್ತು ಮಕ್ಕಳ ಜೊತೆ ಕೂತ್ಕೊಳ್ಳಿ."

ಪೋಷಕರು ಈ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ ಅಂತ ನಮ್ಮ ಸಹೋದ್ಯೋಗಿಗಳ ದೂರು. ನನ್ನ ಅನುಭವ ಬೇರೆ. ಹಾಕಿಕೊಳ್ಳುತ್ತಾರೆ. ಮುಂದಿನದೆಲ್ಲ ಶುರುವಾಗುವುದೇ ಅಲ್ಲಿಂದ.

ಗುಡ್ ಯಾರ ಲೆಕ್ಕಕ್ಕೆ

ಜಗಳೂರಿನ ಕಡೆ ನನ್ನ ಮೊದಲ ಶಾಲೆ. ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ದಿನಕ್ಕೊಂದು ಪುಟ ಕಾಪಿ ಬರೆದು ತರಬೇಕು ಅಂತ ಎಲ್ಲರಿಗೂ ಹೇಳಿದ್ದೆ. ಈ ಹುಡುಗಿಯ ಕಾಪಿ ಶುರುವಿನಲ್ಲಿ ಕೋಳಿ ಕೆದರಿದ ಹಾಗಿತ್ತು. ಎರಡು ತಿಂಗಳಾಗುವ ಹೊತ್ತಿಗೆ ಅಕ್ಷರ ದುಂಡಗಾಗಿ, ಗೆರೆ ಬಿಡದೆ, ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತವು. ನಾನು ಮೊದಲು 'ಗುಡ್' ಹಾಕಿದೆ. ಆಮೇಲೆ 'ವೆರಿ ಗುಡ್' ಹಾಕಿದೆ. ಒಂದು ದಿನ ಖುಷಿಯಾಗಿ ಅವಳನ್ನು ಬೋರ್ಡಿಗೆ ಕರೆದು ಒಂದು ವಾಕ್ಯ ಬರಿ ಅಂದೆ. ಬೋರ್ಡಿನ ಮೇಲೆ ಮತ್ತೆ ಕೋಳಿ ಕೆದರಿತು.

"ಕಾಪಿ ಬರೆಯೋದು ಯಾರು?" ಅಂದೆ.

"ಬುಕ್ಕು ನಂದೇ ಮಿಸ್," ಅಂದಳು.

"ಬುಕ್ಕು ಯಾರದು ಅಂತ ಕೇಳಲಿಲ್ಲ."

ನೆಲ ನೋಡುತ್ತಾ, "ಅವ್ವ ಬರೀತಾಳೆ," ಅಂದಳು.

ತಾಯಿಗೆ ಹೇಳಿ ಕಳಿಸಿದೆ. ಕೂಲಿ ಕೆಲಸಕ್ಕೆ ಹೋಗುವ ಹೆಂಗಸು. ಮಾರನೇ ದಿನ ಕೆಲಸ ಬಿಟ್ಟು ಬಂದು ಬಾಗಿಲ ಹೊರಗೇ ನಿಂತಳು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಮಗಳ ಹೋಂವರ್ಕ್ ತಾಯಿ ಮಾಡಿಕೊಟ್ಟರೆ ಮಗಳು ಕಲಿಯೋದು ಯಾವಾಗ ಅಂತ ನಾನು ಒಂದು ಸಣ್ಣ ಭಾಷಣ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾನು ಶಾಲೆ ಮೆಟ್ಲು ಹತ್ತಿದೋಳಲ್ಲ ಮೇಡಂ," ಅಂದಳು. "ಮನೆಗೆ ದೊಡ್ಡ ಮಗಳು. ತಮ್ಮಂದಿರ್ನ ಆಡಿಸಾಕೆ ಮನೆಯಾಗೆ ಬಿಟ್ರು. ನೀವು ಮೀಟಿಂಗಿನಾಗೆ ಮಕ್ಕಳ ಜೊತೆ ಕೂತ್ಕೊಳ್ರಿ ಅಂದ್ರಿ. ಕೂತೆ. ಸುಮ್ನೆ ಹೆಂಗೆ ಕೂರೋದು? ಇದೇನು ಅಕ್ಷರ ಅಂತ ಕೇಳಿದೆ. ಇವಳು ಹೇಳಿಕೊಡಾಕೆ ಶುರು ಮಾಡಿದ್ಲು."

"ಹೇಳಿಕೊಡಲಿ. ಕಾಪಿ ಯಾಕೆ ನೀವು ಬರೀತೀರಿ?"

"ದಿನಾ ಒಂದು ಪುಟ ಬರೆದ್ರೇನೇ ಕೈ ಕೂರೋದು ಅಂದ್ಲು. ಬೇರೆ ಬುಕ್ಕು ಇರಲಿಲ್ಲ. ಇದರಾಗೇ ಬರಿ ಅಂದ್ಲು. ತಪ್ಪಾದ್ರೆ ಸ್ಕೇಲಿನಾಗೆ ಹೊಡೀತಾಳ್ರೀ."

ನಾನು ಹುಡುಗಿಯ ಕಡೆ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಅವತ್ತಿನಿಂದ ಆ ಮನೆಗೆ ಎರಡು ಕಾಪಿ ಬುಕ್ಕು ಅಂತ ತೀರ್ಮಾನವಾಯಿತು. ಒಂದು ತಾಯಿಗೆ, ಒಂದು ಮಗಳಿಗೆ. ಎರಡನ್ನೂ ನಾನೇ ನೋಡುತ್ತೇನೆ ಅಂದೆ. ಹೊಸ ಬುಕ್ಕು ತೆಗೆದುಕೊಂಡು ಗೇಟಿನ ತನಕ ಹೋದವಳು ತಿರುಗಿ ಬಂದಳು. ಏನೋ ಕೇಳಬೇಕು, ಬಾಯಿ ಬರುತ್ತಿಲ್ಲ.

"ಏನು ಹೇಳಿ."

"ಇಷ್ಟು ದಿನ ಹಾಕಿದ ಗುಡ್ ಎಲ್ಲಾ ಅವಳ ಬುಕ್ಕಿನಾಗೆ ಉಳಕೊಂಡಾವೆ ಮೇಡಂ. ಅವನ್ನ ನನ್ನ ಬುಕ್ಕಿಗೆ ವರ್ಗ ಮಾಡಾಕೆ ಬರ್ತದೇನ್ರೀ?"

ಇಬ್ಬರು ಮಂಜುನಾಥರು

ಹೊನ್ನಾಳಿ ಕಡೆಯ ಶಾಲೆಯಲ್ಲಿ ನನ್ನ ಆರನೇ ಕ್ಲಾಸಿಗೆ ಇಬ್ಬರು ಮಂಜುನಾಥರು ಇದ್ದರು. ಒಬ್ಬನ ಅಪ್ಪನಿಗೆ ಟ್ರ್ಯಾಕ್ಟರ್ ಇತ್ತು. ಇನ್ನೊಬ್ಬನ ಅಪ್ಪನಿಗೆ ಹಿಟ್ಟಿನ ಗಿರಣಿ. ಟ್ರ್ಯಾಕ್ಟರಿನ ಮಂಜುನಾಥ ಮಧ್ಯಾಹ್ನದ ಊಟ ಮಾಡಿ ನಾಲೆ ಕಡೆ ಹೋದನೆಂದರೆ ಈಜಾಡಿ ಒದ್ದೆ ತಲೆಯಲ್ಲಿ ಕೊನೇ ಪೀರಿಯಡ್ಡಿಗೆ ಬರುತ್ತಿದ್ದ. ನಾಲೆಯಲ್ಲಿ ನೀರು ಜೋರಾಗಿ ಹರಿಯುವ ಕಾಲ ಅದು. ನನಗೆ ದಿನಾ ಅದೇ ಆತಂಕ. ಅವನ ಅಪ್ಪನಿಗೆ ಬರಲು ಹೇಳಿ ಕಳಿಸಿದ್ದೆ.

ನಾನು ಆ ಊರಿಗೆ ಹೊಸಬಳು. ಅಪ್ಪಂದಿರ ಮುಖಪರಿಚಯ ಇರಲಿಲ್ಲ. ಒಂದು ಸಂಜೆ ಒಬ್ಬರು ಬಂದು, "ನಾನು ಮಂಜುನಾಥನ ಅಪ್ಪ ರೀ," ಅಂದರು. ಹುಬ್ಬಿನ ಮೇಲೆ ಬೆಳ್ಳಗೆ ಹಿಟ್ಟು ಕೂತಿತ್ತು. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಕಾಲು ಗಂಟೆ ಬಿಡದೆ ಹೇಳಿದೆ. ಹೋಂವರ್ಕ್ ಇಲ್ಲ, ಮಗ್ಗಿ ಇಲ್ಲ, ಮಧ್ಯಾಹ್ನ ಆದರೆ ನಾಲೆ, ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ ಅಂದೆ. ಅವರು ಕೈಕಟ್ಟಿ ಕೇಳಿದರು. ಕೊನೆಗೆ ಒಂದೇ ಮಾತು ಹೇಳಿದರು.

"ನಮ್ಮ ಹುಡುಗಂಗೆ ಈಜು ಬರ್ತದೆ ಅಂತಾನೇ ನನಗೆ ಗೊತ್ತಿರಲಿಲ್ಲ ಮೇಡಂ."

ಮಾರನೇ ದಿನದಿಂದ ಗಿರಣಿಯ ಮಂಜುನಾಥ ಮುಂದಿನ ಸಾಲಿನಲ್ಲಿ ಕೂತ. ಇದ್ದೂ ಇಲ್ಲದಂತಿದ್ದ ಹುಡುಗ. ಈಗ ಹೋಂವರ್ಕ್ ಪೂರ್ತಿ, ಮಗ್ಗಿ ಹದಿಮೂರರ ತನಕ. ಒಂದು ವಾರ ನೋಡಿ, ಏನಪ್ಪಾ ಇದು ಅಂತ ಕೇಳಿದೆ.

"ಅಪ್ಪ ಬೈದ್ರು ಮಿಸ್. ನಾಲೆಗೆ ಹೋಗಬ್ಯಾಡ ಅಂದ್ರು. ನಾನು ಯಾವತ್ತೂ ಹೋಗಿಲ್ಲ ಅಂದೆ. ಹಂಗಾದ್ರೆ ಮೇಡಂ ಸುಳ್ಳು ಹೇಳ್ತಾರಾ ಅಂದ್ರು. ನೀವು ಸುಳ್ಳು ಹೇಳಲ್ಲ ಅಂತ ನಾನು ಸುಮ್ನಾದೆ."

ಹದಿನಾರು ವರ್ಷದ ಸರ್ವಿಸಿನಲ್ಲಿ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವತ್ತೇ ಸಂಜೆ ಗಿರಣಿಗೆ ಹೋದೆ. ಜೋಳ ಬೀಸುತ್ತಿತ್ತು. "ತಪ್ಪಾಯ್ತು, ಅದು ನಿಮ್ಮ ಮಂಜುನಾಥ ಅಲ್ಲ," ಅಂದೆ. ಗಿರಣಿ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಎರಡು ಸಲ ಕೂಗಿದೆ. ಮೂರನೇ ಸಲ ನಾನು ಕೂಗುವ ಹೊತ್ತಿಗೆ ಸರಿಯಾಗಿ ಅವರು ಗಿರಣಿ ನಿಲ್ಲಿಸಿದರು. ನನ್ನ ತಪ್ಪೊಪ್ಪಿಗೆ ಹಿಟ್ಟು ಹಾಕಿಸಲು ಬಂದ ಏಳೆಂಟು ಜನಕ್ಕೂ, ರಸ್ತೆಯಾಚೆಯ ಟೀ ಅಂಗಡಿಗೂ ತಲುಪಿತು.

ಅವರಿಗೆ ಸಿಟ್ಟು ಬರಲಿಲ್ಲ. "ಹೋಗ್ಲಿ ಬಿಡ್ರಿ," ಅಂದರು. "ನಾನು ಅವನ ಪುಸ್ತಕ ಬಿಚ್ಚಿ ನೋಡಿದ್ದೇ ಅವತ್ತು ಮೊದಲು. ಏಳರ ಮಗ್ಗಿ ಬರ್ತಿರಲಿಲ್ಲ. ಈ ಚೀಲದ ಮೇಲೆ ಕೂರಿಸ್ಕೊಂಡು ದಿನಾ ಹೇಳಿಸ್ತಾ ಇದ್ದೀನಿ." ಅವತ್ತೇ ಮಗನನ್ನು ಕರೆದು, ನಾನು ಬೈದಿದ್ದು ತಪ್ಪು ಕಣಪ್ಪ ಅಂತ ಹೇಳಿ, ಮಂಡಕ್ಕಿ ಮಿರ್ಚಿ ಕೊಡಿಸಿದರಂತೆ.

ಟ್ರ್ಯಾಕ್ಟರಿನವರ ಮನೆಗೂ ಹೋದೆ. ಈ ಸಲ ಮೊದಲು ಹುಡುಗನನ್ನು ಕರೆಸಿ, ಪಕ್ಕ ನಿಲ್ಲಿಸಿಕೊಂಡು ಮಾತು ಶುರು ಮಾಡಿದೆ. ಅವನ ಅಪ್ಪ, "ಈಜು ಕಲಿಸಿದೋನು ನಾನೇ ಮೇಡಂ. ಮನೆಯಾಗೆ ನೀವೂ ಏನಾದ್ರೂ ಕಲಿಸ್ರಿ ಅಂತಾರಲ್ಲ ಶಾಲೆಯೋರು," ಅಂದರು. ಆದರೂ ಶಾಲೆ ಹೊತ್ತಿನಲ್ಲಿ ನಾಲೆ ಕಡೆ ಬಿಡುವುದಿಲ್ಲ ಅಂತ ಒಪ್ಪಿಕೊಂಡು ಹಾಗೇ ನಡೆದುಕೊಂಡರು.

ಹದಿನೈದು ದಿನ ಕಳೆದಿತ್ತು. ಗಿರಣಿಯವರು ಮತ್ತೆ ಶಾಲೆಗೆ ಬಂದರು. ಅಕ್ಕಪಕ್ಕ ಯಾರೂ ಇಲ್ಲದ್ದು ನೋಡಿಕೊಂಡು ದನಿ ತಗ್ಗಿಸಿದರು.

"ತಪ್ಪಾಯ್ತು ಅಂತ ಹೇಳಿದ ಮೇಲೆ ನಮ್ಮೋನು ಮತ್ತೆ ಸಡಿಲ ಬಿಟ್ಟಾನೆ ಮೇಡಂ. ಆ ಟ್ರ್ಯಾಕ್ಟರ್ ಹುಡುಗ ಬೇರೆ ಏನಾದ್ರೂ ಮಾಡಿದ್ರೆ ಹೇಳ್ರಿ. ನಮ್ಮೋನಿಗೆ ಇಂಗ್ಲಿಷ್ ಒಂದು ಬಾಕಿ ಐತೆ."

ಓದುವ ದನಿ

ಸವಳಂಗದ ಹತ್ತಿರದ ಶಾಲೆಯಲ್ಲಿದ್ದಾಗ ನಾಲ್ಕನೇ ಕ್ಲಾಸಿನ ಪೋಷಕರದೊಂದು ವಾಟ್ಸಾಪ್ ಗುಂಪು ಮಾಡಿದ್ದೆ. ದಿನಾ ಸಂಜೆ ಮಗು ಎರಡು ನಿಮಿಷ ಗಟ್ಟಿಯಾಗಿ ಪಾಠ ಓದಬೇಕು, ಪೋಷಕರು ಅದನ್ನು ಆಡಿಯೋ ಮಾಡಿ ಗುಂಪಿಗೆ ಹಾಕಬೇಕು.

ಗಾರೆ ಕೆಲಸ ಮಾಡುವ ಒಬ್ಬ ತಂದೆ ಇದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಅವರ ದನಿಯೇ ಇರುತ್ತಿತ್ತು. "ಓದು. ಓದವ್ವ. ಮೇಡಂ ಕೇಳಿಸ್ಕೊಂತಾರೆ. ಗಟ್ಟಿಯಾಗಿ ಓದು. ಫೋನ್ ನೋಡಬ್ಯಾಡ, ಬುಕ್ಕು ನೋಡು." ನೀವು ಮಾತಾಡಬೇಡಿ, ಮಗಳು ಮಾತ್ರ ಓದಲಿ ಅಂತ ಹೇಳಿದೆ. ಅವರು ಮಾತು ನಿಲ್ಲಿಸಿದರು. ಅವರು ಸುಮ್ಮನಾದ ಮೇಲೆ ಅಡಿಗೆ ಮನೆಯ ಮಾತು ಕೇಳಿಸತೊಡಗಿತು.

ಒಂದು ಸಂಜೆ ಮಗಳು ನೆರೆಹೊರೆಯವರ ಜೊತೆ ಸ್ನೇಹದಿಂದ ಬಾಳಬೇಕು ಅನ್ನುವ ಪಾಠ ಓದುತ್ತಿದ್ದಳು. ಹಿಂದಿನಿಂದ ತಾಯಿ ಯಾರಿಗೋ ಹೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳುತ್ತಿತ್ತು. "ಯುಗಾದಿಗೆ ಇಸ್ಕೊಂಡು ಹೋದ ಇಡ್ಲಿ ಪಾತ್ರೆ, ಇನ್ನೂ ಕೊಟ್ಟಿಲ್ಲ ಪಕ್ಕದ ಮನೆಯಾಕೆ. ಕೇಳಿದ್ರೆ ಮರೆತೆ ಅಂತಾಳೆ. ದಿನಾ ಇಡ್ಲಿ ಮಾಡಾಕೆ ಮಾತ್ರ ಮರೆಯಂಗಿಲ್ಲ."

ಪಕ್ಕದ ಮನೆಯಾಕೆಯ ಮಗನೂ ನಮ್ಮ ನಾಲ್ಕನೇ ಕ್ಲಾಸು. ಆಕೆಯೂ ಅದೇ ಗುಂಪಿನಲ್ಲಿ ಇದ್ದರು.

ತಂದೆಗೆ ಐದು ನಿಮಿಷದಲ್ಲಿ ವಿಷಯ ತಿಳಿಯಿತು. ಆಡಿಯೋ ಅಳಿಸಿದರು. ಅಳಿಸುವಾಗ ಅವರೊಬ್ಬರ ಫೋನಿನಲ್ಲಿ ಮಾತ್ರ ಹೋಗುವ ಹಾಗೆ ಅಳಿಸಿದರು. ಅವರಿಗೆ ಅದು ಕಾಣಲಿಲ್ಲವಾದ್ದರಿಂದ ನೆಮ್ಮದಿಯಾಗಿ ಗುಂಪಿಗೆ, "ತೆಗೆದಿದೀನಿ ಮೇಡಂ, ಯಾರೂ ಕೇಳಿಸ್ಕೋಬ್ಯಾಡ್ರಿ," ಅಂತ ಇನ್ನೊಂದು ಆಡಿಯೋ ಹಾಕಿದರು. ಅಷ್ಟು ಹೊತ್ತು ಕೇಳದೆ ಇದ್ದವರೂ ಹುಡುಕಿ ಕೇಳಿದರು.

ಮಾರನೇ ಸಂಜೆ ಪಕ್ಕದ ಮನೆಯ ಹುಡುಗನ ಓದು ಬಂತು. ಅವನು ಗಾಳಿ, ನೀರು, ಬೆಳಕು ಅಂತ ಪರಿಸರದ ಪಾಠ ಓದುತ್ತಿದ್ದ. ಹಿಂದೆ ಅವನ ತಾಯಿ, ಹೋದ ವರ್ಷ ಒಯ್ದ ತನ್ನ ಶ್ಯಾವಿಗೆ ಒತ್ತುವ ಮಣೆ ಯಾರ ಮನೆಯ ಅಟ್ಟದ ಮೇಲಿದೆ ಅಂತ ವಿವರಿಸುತ್ತಿದ್ದರು. ಒಂದು ವಾರ ಹೀಗೇ ನಡೆಯಿತು. ಇಬ್ಬರೂ ತಾಯಂದಿರು ಎದುರಿಗೆ ಸಿಕ್ಕಾಗ ಮಾತಿಲ್ಲ. ಏನಿದ್ದರೂ ಮಕ್ಕಳ ಪಾಠದ ಹಿಂದೆ. ಮಕ್ಕಳು ತಾಯಂದಿರ ದನಿ ಮೀರಿ ಓದಬೇಕಾದ್ದರಿಂದ ದಿನದಿಂದ ದಿನಕ್ಕೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದತೊಡಗಿದರು.

ನಾನು ಮಧ್ಯೆ ಹೋಗಲಿಲ್ಲ. ಎಂಟನೇ ದಿನದ ಆಡಿಯೋದಲ್ಲಿ ಹುಡುಗಿ ಪದ್ಯ ಓದುತ್ತಿದ್ದಾಗ ಹೊಸ್ತಿಲ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿತು. ಆಮೇಲೆ, "ಬರ್ರಿ ಒಳಗೆ, ಟೀ ಕುಡೀರಿ." ಆಮೇಲೆ ಬರೀ ಪದ್ಯ.

ಆ ತಿಂಗಳು ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ನಾಲ್ಕನೇ ಕ್ಲಾಸಿನ ಮಕ್ಕಳ ಓದು ಕೇಳಿ ಬೆರಗಾದರು. ಈ ಇಬ್ಬರು ಇಷ್ಟು ಗಟ್ಟಿಯಾಗಿ ಓದುವುದಕ್ಕೆ ಯಾವ ವಿಧಾನ ಬಳಸಿದಿರಿ ಅಂತ ಕೇಳಿದರು.

"ಪೋಷಕರ ಸಹಕಾರ ಸರ್," ಅಂದೆ. ಅವರು ಬರೆದುಕೊಂಡರು.

ಹತ್ತರಲ್ಲಿ ಆರು ಹೋದರೆ

ಇದು ಸಣ್ಣದು. ಸಂತೇಬೆನ್ನೂರಿನ ಸಂತೆಯಲ್ಲಿ ತರಕಾರಿ ಮಾರುವ ಒಬ್ಬ ತಾಯಿ, ವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಲೆಕ್ಕ ಅಲ್ಲೇ ಕಲೀತಾಳೆ ಅಂತ ಅವಳ ನಂಬಿಕೆ. ನಾನೂ ಒಳ್ಳೆಯದು ಅಂದಿದ್ದೆ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟೆ. ಒಬ್ಬಳ ಹತ್ತಿರ ಹತ್ತು ಕಿಲೋ ಟೊಮೆಟೊ ಇದೆ, ಆರು ಕಿಲೋ ಮಾರಿದಳು, ಉಳಿದಿದ್ದೆಷ್ಟು. ಹುಡುಗಿ ಮೂರು ಅಂತ ಬರೆದಳು. ತಪ್ಪು ಹಾಕಿದೆ. ಮಾರನೇ ದಿನ ತಾಯಿ ಉತ್ತರ ಪತ್ರಿಕೆ ಹಿಡಿದು ಬಂದಳು.

"ಇದು ಯಾಕೆ ತಪ್ಪು ಮೇಡಂ?"

"ಹತ್ತರಲ್ಲಿ ಆರು ಹೋದರೆ ನಾಲ್ಕು."

"ಒಂದು ಕಿಲೋ ಕೊಳೆತಿರ್ತದಲ್ರೀ."

"ಪ್ರಶ್ನೆಯಲ್ಲಿ ಕೊಳೆತಿದೆ ಅಂತ ಇಲ್ಲ."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಮೇಡಂ, ಮುಂದಿನ ಸಂತೆಗೆ ನೀವೂ ಒಂದ್ಸಲ ಬಂದು ಕೂತ್ಕೊಳ್ರಿ. ನಾನು ಹೇಳಿಕೊಡ್ತೀನಿ," ಅಂದಳು.

ಸಂಜೆ ಏಳರಿಂದ ಎಂಟು

ಈಗ ನಾನಿರುವುದು ನಲ್ಲೂರಿನ ಕಡೆಯ ಶಾಲೆ. ಇಲ್ಲಿ ಐದನೇ ಕ್ಲಾಸಿಗೆ ಬಂದರೂ ಓದಲು ಬಾರದ ಒಬ್ಬ ಹುಡುಗನಿದ್ದ. ಬುದ್ಧಿಗೇನೂ ಕಡಿಮೆ ಇಲ್ಲ. ಒಂದು ವಾಕ್ಯ ಓದಬೇಕಾದರೆ ಬೆರಳು ಅಕ್ಷರದಿಂದ ಅಕ್ಷರಕ್ಕೆ ಹೊಳೆ ದಾಟಿದ ಹಾಗೆ ಹೋಗುತ್ತಿತ್ತು. ಅವನ ಅಪ್ಪ ಊರಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವರು. ಅವರಿಗೆ ಚಿಂತೆಯಾಗಿತ್ತು. "ದಸರಾ ತನಕ ನೋಡ್ತೀನಿ ಮೇಡಂ. ಆಗಲಿಲ್ಲ ಅಂದ್ರೆ ದಾವಣಗೆರೆಗೆ ಹಾಸ್ಟೆಲಿಗೆ ಹಾಕ್ತೀನಿ," ಅಂದರು. ಹುಡುಗ ಅದನ್ನು ಕೇಳಿದಾಗಿನಿಂದ ಮಂಕಾಗಿದ್ದ.

"ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ," ಅಂದೆ. "ಸಂಜೆ ಏಳರಿಂದ ಎಂಟರ ತನಕ ಟಿವಿ ಆರಿಸಿ, ಅವನಿಂದ ಗಟ್ಟಿಯಾಗಿ ಓದಿಸಿ."

ಅವರು ಚಾಚೂ ತಪ್ಪದೆ ಮಾಡಿದರು. ಏಳಕ್ಕೆ ಸರಿಯಾಗಿ ಟಿವಿ ಆರಿಸಿ, ರಿಮೋಟನ್ನು ಅಂಗಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿಬಿಡುತ್ತಿದ್ದರು.

ನಾಲ್ಕನೇ ದಿನ ಹುಡುಗನ ಅಜ್ಜಿ ಕೋಲೂರಿಕೊಂಡು ಶಾಲೆಗೆ ಬಂದರು. ನೇರವಾಗಿ ನನ್ನ ಕುರ್ಚಿಯಲ್ಲಿ ಕೂತರು. ನಾನು ಮಕ್ಕಳ ಬೆಂಚಿನಲ್ಲಿ ಕೂತೆ.

"ಏಳು ಗಂಟೆಯಿಂದ ಟಿವಿ ಹಾಕಬ್ಯಾಡ್ರಿ ಅಂದೋರು ನೀವೇನು ಟೀಚರಮ್ಮ?"

"ಹೌದು ಅಜ್ಜಿ."

"ಏಳೂವರೆಗೆ ನಂದು ಧಾರಾವಾಹಿ ಬರ್ತದೆ. ಸೊಸೆ ಆಸ್ಪತ್ರೆಯಾಗೆ ಮಲಗ್ಯಾಳೆ. ಏನಾಯ್ತೋ ಗೊತ್ತಿಲ್ಲ."

ಕೊನೆಯ ಮಾತಷ್ಟೇ ನನ್ನ ಕಿವಿಗೆ ಬಿತ್ತು. ಗಾಬರಿಯಾಗಿ, "ಏನಾಯ್ತು ಅಜ್ಜಿ? ಯಾವ ಆಸ್ಪತ್ರೆ?" ಅಂದೆ.

"ನನ್ನ ಸೊಸೆ ಅಲ್ಲ ತಾಯಿ. ಅವಳು ಗಟ್ಟಿಮುಟ್ಟಾಗಿ ಮನೆಯಾಗೆ ಅದಾಳೆ. ಟಿವಿ ಸೊಸೆ."

ನಾನು ಹೊತ್ತು ಬದಲಾಯಿಸಲು ಒಪ್ಪಲಿಲ್ಲ. ಬೇಕಾದರೆ ಆ ಒಂದು ಗಂಟೆ ಮೊಮ್ಮಗ ಓದುವುದನ್ನೇ ಕೂತು ಕೇಳಿ ಅಂದೆ. "ನನಗೆ ಅಕ್ಷರ ಬರಲ್ಲ," ಅಂದರು. "ಕಿವಿ ಇದೆಯಲ್ಲ," ಅಂದೆ. ಕೋಲು ಕುಟ್ಟಿಕೊಂಡು ಹೋದರು.

ಬೇರೆ ದಾರಿ ಇಲ್ಲದೆ ಅಜ್ಜಿ ಕೂತು ಕೇಳಿದರು. ಹುಡುಗ ಸಮಾಜ ವಿಜ್ಞಾನದ ಪುಸ್ತಕ ತೆಗೆದಿದ್ದ. ಇಂಗ್ಲಿಷರ ವಿರುದ್ಧ ಹೋರಾಡಿದ ಒಬ್ಬ ರಾಣಿಯ ಪಾಠ, ಪುಸ್ತಕದ ಎರಡು ಭಾಗಕ್ಕೂ ಹಂಚಿಹೋದದ್ದು. ಮೊದಲ ದಿನ ನಾಲ್ಕು ಸಾಲು ಓದುವ ಹೊತ್ತಿಗೆ ಅರ್ಧ ಗಂಟೆಯಾಯಿತು. ನಾಲ್ಕನೇ ಸಾಲಿಗೆ ಇಂಗ್ಲಿಷರ ಸೈನ್ಯ ಕೋಟೆ ಹತ್ತಿರ ಬಂದಿತ್ತು. ಹುಡುಗ ಪುಸ್ತಕ ಮಡಚಿದ.

"ಆಮೇಲೆ?" ಅಂದರು ಅಜ್ಜಿ.

"ನಾಳೆ ಓದ್ತೀನಿ."

"ದಂಡು ಬಂದು ಬಾಗಿಲಾಗೆ ನಿಂತೈತೆ. ಹಂಗೇ ಬಿಟ್ಟು ಮಲಗ್ತೀಯೇನೋ? ಓದು."

ಹೀಗೆ ಶುರುವಾಯಿತು. ಅಜ್ಜಿ ಬಿಡುವುದಿಲ್ಲ, ಹುಡುಗ ಓದದೆ ವಿಧಿಯಿಲ್ಲ. ತಡವರಿಸಿದರೆ ಅಜ್ಜಿಗೆ ಕತೆ ನಿಲ್ಲುತ್ತದೆ, ಬೈಗುಳ ಬೀಳುತ್ತದೆ. ಅದಕ್ಕೆ ಹುಡುಗ ಮಧ್ಯಾಹ್ನ ಶಾಲೆಯಲ್ಲಿ ಊಟದ ಹೊತ್ತಿಗೇ ಕೂತು ಸಂಜೆಯ ಭಾಗವನ್ನು ಒಮ್ಮೆ ಓದಿಕೊಳ್ಳಲು ಶುರು ಮಾಡಿದ. ಯಾಕೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಒಂದು ದಿನ ಕ್ಲಾಸಿನಲ್ಲಿ ಎಬ್ಬಿಸಿ ಓದಿಸಿದೆ. ಬೆರಳಿಡದೆ ಆರು ಸಾಲು ಓದಿದ. ಆರನೇ ಸಾಲಿನಲ್ಲಿ ತಾನಾಗಿಯೇ ನಿಲ್ಲಿಸಿ ಇಡೀ ಕ್ಲಾಸನ್ನು ಒಮ್ಮೆ ನೋಡಿ ಕೂತ. ಪಕ್ಕದ ಹುಡುಗ, "ಮುಂದೆ ಏನಾಯ್ತು ಮಿಸ್?" ಅಂದ.

ಮನೆಯ ಸುದ್ದಿ ಅವನ ಅಪ್ಪ ಬಂದು ಹೇಳಿದರು. "ಈಗ ನಮ್ಮವ್ವ ಒಬ್ಬಳೇ ಅಲ್ಲ ಮೇಡಂ. ಓಣಿ ಅಜ್ಜಿಯರು ನಾಲ್ಕು ಜನ ಬಂದು ಕೂರ್ತಾರೆ. ಇವನು ಸರಿಯಾಗಿ ಕುತೂಹಲ ಬರೋ ಜಾಗದಾಗೆ ನಿಲ್ಲಿಸ್ತಾನೆ. ನಿಲ್ಲಿಸಿ, ನಮ್ಮ ಅಂಗಡಿಗೆ ಹೊಸ ಸೋಪು ಬಂದೈತೆ ಅಂತ ಜಾಹೀರಾತು ಹೇಳ್ತಾನೆ. ಆಮೇಲೆ ಮುಂದಕ್ಕೆ ಓದ್ತಾನೆ."

"ಹಾಸ್ಟೆಲಿನ ವಿಚಾರ?" ಅಂದೆ.

"ಅದನ್ನ ಎತ್ತಿದೆ. ಹುಡುಗ ಹೋದ್ರೆ ಮಿಕ್ಕಿದ್ದು ನೀನು ಓದಿ ಹೇಳ್ತೀಯಾ ಅಂದ್ಲು ನಮ್ಮವ್ವ. ನನಗೆ ಅಂಗಡಿ ಬಿಟ್ಟು ಬರಾಕೆ ಆಗಲ್ಲ. ಸುಮ್ನಾದೆ."

ದಸರಾ ರಜೆ ಶುರುವಾಗುವ ಹಿಂದಿನ ದಿನ ಅಜ್ಜಿ ಮತ್ತೆ ಬಂದರು. ಮತ್ತೆ ನನ್ನ ಕುರ್ಚಿ ಅವರಿಗೆ, ಬೆಂಚು ನನಗೆ. ಪುಸ್ತಕದ ಮೊದಲ ಭಾಗ ಮುಗಿದಿದೆ, ಕೊನೇ ಪುಟದಲ್ಲಿ ರಾಣಿ ಸೆರೆ ಸಿಕ್ಕಿದ್ದಾಳೆ, ಎರಡನೇ ಭಾಗ ಎಲ್ಲಿ ಅಂತ ಕೇಳಿದರು.

"ಬಂದಿದೆ ಅಜ್ಜಿ. ಬೀರುವಿನಲ್ಲಿ ಇಟ್ಟಿದೀನಿ. ರಜೆ ಮುಗಿದ ಮೇಲೆ ಎಲ್ಲರಿಗೂ ಕೊಡ್ತೀನಿ."

"ಅಲ್ಲಿ ತನಕ ಆಯಮ್ಮ ಸೆರೆಮನೆಯಾಗೇ ಇರಬೇಕಾ?"

ಬೀರು ತೆಗೆದು ಕೊಟ್ಟೆ.

ರಜೆ ಮುಗಿದು ಶಾಲೆ ತೆರೆದ ಮೊದಲ ದಿನ ಹುಡುಗ ಎರಡನೇ ಭಾಗದ ಅರ್ಧ ಓದಿ ಮುಗಿಸಿ ಬಂದಿದ್ದ. ಅವನ ಹಿಂದೆಯೇ ಅಜ್ಜಿಯೂ ಬಂದರು. ಮುಖ ಬಾಡಿತ್ತು.

"ರಾಣಿ ತೀರಿಕೊಂಡಳು ಟೀಚರಮ್ಮ."

"ಹೌದು ಅಜ್ಜಿ. ಸೆರೆಯಲ್ಲೇ ತೀರಿಕೊಂಡರು."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು.

"ಧಾರಾವಾಹಿಯಾಗೆ ಸತ್ತೋರು ಆರು ತಿಂಗಳಿಗೆ ವಾಪಸ್ ಬರ್ತಾರೆ. ಈಯಮ್ಮ ಆರನೇ ಕ್ಲಾಸಿನಾಗೆ ಬರ್ತಾಳೇನು?"

"ಇಲ್ಲ ಅಜ್ಜಿ. ಆರನೇ ಕ್ಲಾಸಿಗೆ ಬೇರೆ ಪಾಠ."

ಅಜ್ಜಿ ಯೋಚನೆ ಮಾಡಿದರು. ಕೋಲು ಹಿಡಿದು ಎದ್ದರು. ಬಾಗಿಲ ತನಕ ಹೋಗಿ ನಿಂತು ಹೇಳಿದರು.

"ಹಂಗಾದ್ರೆ ಅವನ್ನ ಇನ್ನೊಂದು ವರ್ಷ ಐದನೇ ಕ್ಲಾಸಿನಾಗೇ ಕೂರಿಸ್ರಿ. ನಾನು ಮೊದಲಿಂದ ಕೇಳ್ತೀನಿ."